ಹೆಣ್ಣುಹೂ ಮಾತ್ರ ಬಿಡುವ ಸೌತೆಯಿಂದ ಬೀಜ ಹಿಡಿಯಲು ಮನೆಯಲ್ಲೇ ತಯಾರಿಸಿದ ಬೆಳ್ಳಿ ದ್ರಾವಣ ಸಾಕೇ?

ಪ್ರಶ್ನೆ: ಸೌತೆಬಳ್ಳಿ, ದೊಡ್ಡಬಳ್ಳಾಪುರ

ಬಲ್ಲವರಿಗೆ ನಮಸ್ಕಾರ. ನಮ್ಮ ಪಾಲಿಹೌಸಿನಲ್ಲಿ ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುವ ಹೈಬ್ರಿಡ್ ಸೌತೆಯನ್ನು ಬೆಳೆಯುತ್ತಿದ್ದೇವೆ. ಬಳ್ಳಿಯಲ್ಲಿ ಗಂಡುಹೂವೇ ಬರುವುದಿಲ್ಲವಾದ್ದರಿಂದ ಕಾಯಿಯಲ್ಲಿ ಬೀಜವೂ ಇರುವುದಿಲ್ಲ. ಇದನ್ನು ನಮ್ಮ ನಾಟಿ ಸೌತೆಯೊಂದಿಗೆ ಕೂಡಿಸಿ, ಮುಂದೆ ಸ್ವಂತದ್ದೊಂದು ತಳಿಯನ್ನು ಸ್ಥಿರಪಡಿಸಬೇಕೆಂಬ ಆಸೆಯಿದೆ. ಬೆಳ್ಳಿಯ ದ್ರಾವಣವನ್ನು ಸಿಂಪಡಿಸಿದರೆ ಇಂತಹ ಬಳ್ಳಿಯಲ್ಲೂ ಗಂಡುಹೂ ಬರುತ್ತದೆಂದು ಓದಿದೆ. ಮೂರು 9 ವೋಲ್ಟ್ ಬ್ಯಾಟರಿಗಳನ್ನು ಜೋಡಿಸಿ, ಎರಡು ಬೆಳ್ಳಿ ತಂತಿಗಳನ್ನು ನೀರಿನಲ್ಲಿಳಿಸಿ ಕೊಲಾಯ್ಡಲ್ ಸಿಲ್ವರ್ (ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರು) ತಯಾರಿಸುವ ಕ್ರಮ ಎಲ್ಲೆಡೆ ಕಾಣುತ್ತದೆ. ಹಳೆಯ ಕಾಲುಂಗುರಗಳನ್ನು ಬಳಸಬಹುದೇ? ಟಿಡಿಎಸ್ ಮೀಟರಿನಲ್ಲಿ ಸಾಂದ್ರತೆಯನ್ನು ಅಳೆದರೆ ಸಾಕೇ?

ಉತ್ತರ: ಬೀಜದ ಹೊಲ, ರಾಣೆಬೆನ್ನೂರು

ನೀವು ಓದಿದ ತತ್ತ್ವ ಸರಿಯಾಗಿದೆ. ಸೌತೆಯ ಮೊಗ್ಗು ಹೆಣ್ಣಾಗುವಂತೆ ಮಾಡುವುದು ಗಿಡದೊಳಗೇ ಹುಟ್ಟುವ ಎಥಿಲೀನ್ ಅನಿಲ. ಆ ಅನಿಲವನ್ನು ಗುರುತಿಸುವ ಗ್ರಾಹಕ ಪ್ರೋಟೀನಿನಲ್ಲಿ ತಾಮ್ರದ ಅಯಾನು (ವಿದ್ಯುದಾವೇಶವುಳ್ಳ ಪರಮಾಣು) ಇರಬೇಕಾದ ಜಾಗವನ್ನು ಬೆಳ್ಳಿಯ ಅಯಾನು ಆಕ್ರಮಿಸಿದರೆ, ಎಥಿಲೀನ್ ಎಷ್ಟಿದ್ದರೂ ಗಿಡಕ್ಕೆ ಅದರ ಸಂದೇಶ ತಲುಪುವುದಿಲ್ಲ, ಹೊಸ ಮೊಗ್ಗುಗಳು ಗಂಡಾಗಿ ಬೆಳೆಯುತ್ತವೆ. ಬೆಳ್ಳಿಯ ಈ ಎಥಿಲೀನ್ ವಿರೋಧಿ ಗುಣ 1976ರಿಂದಲೂ ಸಸ್ಯವಿಜ್ಞಾನಿಗಳಿಗೆ ತಿಳಿದಿದೆ.

ಆದರೆ ಬೀಜೋತ್ಪಾದನೆಯಲ್ಲಿ ಹೆಣ್ಣುಹೂ ಮಾತ್ರ ಬಿಡುವ ತಳಿಗಳನ್ನು ಉಳಿಸಿಕೊಳ್ಳುವವರು ಕೊಲಾಯ್ಡಲ್ ಸಿಲ್ವರನ್ನು ನಂಬಿ ಕೂರುವುದಿಲ್ಲ. ಲೀಟರಿಗೆ 200ರಿಂದ 300 ಮಿಲಿಗ್ರಾಂ ಸಿಲ್ವರ್ ನೈಟ್ರೇಟನ್ನು ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಬಳ್ಳಿಯಲ್ಲಿ ಬೀಜದೆಲೆಗಳ ನಂತರದ ಎರಡು-ಮೂರು ನಿಜವಾದ ಎಲೆಗಳು ಮೂಡಿದಾಗ ಸುಳಿಗೆ ಸಿಂಪಡಿಸಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸುತ್ತಾರೆ. ಎಲೆಯಂಚು ಸ್ವಲ್ಪ ಸುಡುವುದುಂಟು. ಆಗಲೇ ಮೂಡಿದ್ದ ಹೆಣ್ಣುಮೊಗ್ಗು ಬದಲಾಗುವುದಿಲ್ಲ, ಮೇಲಿನ ಗಿಣ್ಣುಗಳಲ್ಲಿ ಗಂಡುಹೂ ಬರುತ್ತದೆ. ಹಿಂದಿನ ಸಂಜೆಯೇ ಗಂಡು, ಹೆಣ್ಣು ಎರಡೂ ಮೊಗ್ಗುಗಳಿಗೆ ಚೀಲ ಕಟ್ಟಿ, ಬೆಳಿಗ್ಗೆ ಹೂ ಅರಳಿದೊಡನೆ ಪರಾಗವನ್ನು ಮುಟ್ಟಿಸಬೇಕು.

ಇನ್ನೊಂದು ಮಾತು. ನೀವು ಹೈಬ್ರಿಡ್‌ನಿಂದ ಆರಂಭಿಸುತ್ತಿರುವುದರಿಂದ ಮುಂದಿನ ಪೀಳಿಗೆಯಲ್ಲಿ ಕಾಯಿಯ ಉದ್ದ, ಮುಳ್ಳು, ಕಹಿ ಎಲ್ಲವೂ ಚೆದುರುತ್ತವೆ. ಗುಣ ನಿಲ್ಲಬೇಕಾದರೆ ಆರೇಳು ಪೀಳಿಗೆಗಳ ಆಯ್ಕೆ ಅನಿವಾರ್ಯ. ಗಂಡುಹೂ ಬರಿಸುವುದು ಇದರಲ್ಲಿ ಅತಿ ಸುಲಭದ ಭಾಗ. ಕಾನೂನಿನ ಅಳುಕು ಬೇಡ: 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 30ನೇ ಕಲಮು, ನೋಂದಾಯಿತ ತಳಿಯನ್ನೂ ಹೊಸ ತಳಿಯ ಸೃಷ್ಟಿಗೆ ಮೂಲವಾಗಿ ಬಳಸಲು ಅವಕಾಶ ಕೊಡುತ್ತದೆ.

ಉತ್ತರ: ರಸಾಯನ ಮೇಷ್ಟ್ರು, ಮೈಸೂರು

ಕಾಲುಂಗುರ ಖಂಡಿತ ಬೇಡ. ಆಭರಣದ ಬೆಳ್ಳಿಯಲ್ಲಿ ಸಾಮಾನ್ಯವಾಗಿ ತಾಮ್ರ ಬೆರೆತಿರುತ್ತದೆ, ವಿದ್ಯುತ್ ಹರಿದಾಗ ಅದೂ ಕರಗುತ್ತದೆ. ಮಾಡಲೇಬೇಕೆಂದಿದ್ದರೆ ಶೇ. 99.9 ಶುದ್ಧತೆಯ ತಂತಿ ಮತ್ತು ಬಟ್ಟಿ ಇಳಿಸಿದ ನೀರು ಬೇಕು. ಕೊಳವೆಬಾವಿಯ ನೀರಿನಲ್ಲಿರುವ ಕ್ಲೋರೈಡ್ ಬೆಳ್ಳಿಯೊಂದಿಗೆ ಕೂಡಿ ಹಾಲಿನಂತೆ ಬೆಳ್ಳಗಾಗುತ್ತದೆ, ಬಳಿಕ ಆ ದ್ರಾವಣದಿಂದ ಗಿಡಕ್ಕೆ ಹೆಚ್ಚೇನೂ ದಕ್ಕದು.

ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದು ಉಪ್ಪಿನ ಲೆಕ್ಕಕ್ಕೆ ಹೊಂದಿಸಿದ ಉಪಕರಣ, ತೇಲುವ ಬೆಳ್ಳಿ ಕಣ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕಿಂತ ವಿದ್ಯುತ್ತನ್ನೇ ಅಳೆಯಿರಿ. ಫ್ಯಾರಡೆಯ ನಿಯಮದಂತೆ ಒಂದು ಮಿಲಿಆಂಪಿಯರ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕರಗುತ್ತದೆ. ಅಂದರೆ ಒಂದು ಲೀಟರಿನಲ್ಲಿ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಬೇಕಾದರೆ ಐದು ಮಿಲಿಆಂಪಿಯರ್ ಒಂದು ಗಂಟೆ ಹರಿಯಬೇಕು. ಇನ್ನೂ ಹೆಚ್ಚಿಸಲು ಹೋದರೆ ಬೆಳ್ಳಿ ಕಪ್ಪು-ಕಂದು ಪುಡಿಯಾಗಿ ತಳ ಸೇರುತ್ತದೆ. ಮೇಲೆ ಹೇಳಿದ 300 ಮಿಲಿಗ್ರಾಂ ಸಿಲ್ವರ್ ನೈಟ್ರೇಟಿನಲ್ಲಾದರೋ 190 ಮಿಲಿಗ್ರಾಂ ಬೆಳ್ಳಿ, ಅದೂ ಪೂರ್ತಿಯಾಗಿ ಅಯಾನಿನ ರೂಪದಲ್ಲಿ ಇರುತ್ತದೆ. ಮನೆಯ ದ್ರಾವಣವನ್ನು ದಿನವೂ ಸಿಂಪಡಿಸಬೇಕೆಂದು ಜಾಲದಲ್ಲಿ ಬರೆಯುವುದಕ್ಕೆ ಕಾರಣ ಈ ಅಂತರವೇ. ಅಂದಹಾಗೆ, ಆ ಬರಹಗಳಲ್ಲಿ ಹೆಚ್ಚಿನವು ಗಾಂಜಾ ಬೆಳೆಯುವವರವು. ನಮ್ಮಲ್ಲಿ ಪರವಾನಗಿಯಿಲ್ಲದೆ ಆ ಬೆಳೆ 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ.

ಉತ್ತರ: ಕೈತೋಟ, ಶಿರಸಿ

ಬೆಳ್ಳಿಯ ಗೊಡವೆಯೇ ಬೇಡವೆಂದರೆ ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯ ಹಾರ್ಮೋನೂ ಇದೆ. 1000ದಿಂದ 1500 ಪಿಪಿಎಂ ಬೇಕಾಗುತ್ತದೆ. ಪುಡಿ ನೀರಿನಲ್ಲಿ ಬೇಗ ಕರಗದ ಕಾರಣ ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಕರಗಿಸಿಕೊಳ್ಳಬೇಕು. ಬಳ್ಳಿ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ, ಗಂಡುಹೂ ಬೆಳ್ಳಿಯಲ್ಲಿ ಬಂದಷ್ಟು ಬಾರದು. ಆದರೂ ನಾಲ್ಕಾರು ಕಾಯಿಯ ಬೀಜ ಸಾಕೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸೌತೆಬಳ್ಳಿ, ದೊಡ್ಡಬಳ್ಳಾಪುರ

ಎಲ್ಲರಿಗೂ ಧನ್ಯವಾದಗಳು. ಸಿಲ್ವರ್ ನೈಟ್ರೇಟನ್ನೇ ತರಿಸುತ್ತೇನೆ. ಸಿಂಪಡಿಸಿದ ಬಳ್ಳಿಯ ಕಾಯಿಗಳನ್ನು ತಿನ್ನಬಹುದೇ? ಉಳಿದ ದ್ರಾವಣವನ್ನು ಏನು ಮಾಡಬೇಕು?

ಉತ್ತರ: ರಸಾಯನ ಮೇಷ್ಟ್ರು, ಮೈಸೂರು

ತಿನ್ನಬಾರದು, ದನಕ್ಕೂ ಹಾಕಬಾರದು. ಆ ಬಳ್ಳಿಗಳಿಗೆ ಗುರುತಿನ ದಾರ ಕಟ್ಟಿ ಬೀಜಕ್ಕೆಂದೇ ಬಿಡಿ. ಕೈಗವಸು, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿ, ಏಕೆಂದರೆ ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುವುದಲ್ಲದೆ ಕಣ್ಣಿಗೆ ಬಿದ್ದರೆ ಸುಡುತ್ತದೆ. ಉಳಿದುದನ್ನು ಕಂದು ಸೀಸೆಯಲ್ಲಿ ಕತ್ತಲಲ್ಲಿಡಿ. ಬೇಡವಾದಾಗ ಅಡುಗೆ ಉಪ್ಪು ಬೆರೆಸಿದರೆ ಬೆಳ್ಳಿ ಬಿಳಿ ಗಸಿಯಾಗಿ ಇಳಿಯುತ್ತದೆ. ಅದನ್ನು ಸೋಸಿ ಬೇರೆ ತೆಗೆದಿಡಿ. ಮೀನಿಗೂ ನೀರಿನ ಸೂಕ್ಷ್ಮಜೀವಿಗಳಿಗೂ ಬೆಳ್ಳಿ ವಿಷವಾದ್ದರಿಂದ ಕೃಷಿಹೊಂಡಕ್ಕೆ ಸುರಿಯಬೇಡಿ.