ಕಾರವಾರದ ಮಳೆಗಾಲಕ್ಕೆ ಎಂಒಎಫ್ ತಡೆಯುತ್ತದೆಯೇ?

ಬೈತಖೋಲದ ವಿದ್ಯಾರ್ಥಿನಿ:
ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಬಿಸಿಲಿನಿಂದ ನೀರನ್ನು ಒಡೆದು ಹೈಡ್ರೋಜನ್ ಪಡೆಯುವ ಪ್ರಯತ್ನದಲ್ಲಿದ್ದೇನೆ. ವೇಗವರ್ಧಕವಾಗಿ ಎಂಒಎಫ್-5 ಎಂಬ ಲೋಹ-ಸಾವಯವ ಚೌಕಟ್ಟನ್ನು (ಲೋಹದ ಗಂಟುಗಳನ್ನು ಸಾವಯವ ಆಮ್ಲದ ಕೊಂಡಿಗಳು ಜೋಡಿಸುವ ಹರಳು) ತಯಾರಿಸಿದ್ದೆ. ಜೂನ್‌ನಲ್ಲಿ ಸಕ್ಕರೆಯಂತೆ ಮಿನುಗುತ್ತಿದ್ದ ಹರಳುಗಳು ಮೂರು ವಾರದ ಮಳೆಯ ನಂತರ ಸೀಸೆಯಲ್ಲೇ ಮಂಕು ಹಿಟ್ಟಾಗಿವೆ. ಎಕ್ಸ್-ಕಿರಣದಿಂದ ಹರಳಿನ ರಚನೆ ತೋರಿಸುವ ಎಕ್ಸ್‌ಆರ್‌ಡಿಯಲ್ಲಿ ಹಳೆಯ ಗೆರೆಗಳೇ ಕಾಣುತ್ತಿಲ್ಲ. ಮತ್ತೆ ಅದನ್ನೇ ಮಾಡಲೇ? ಮನೆಯ ಎದುರಿಗೇ ಕಡಲಿದೆ, ಆ ನೀರನ್ನೇ ಬಳಸಬಹುದೇ?

ಕುಮಟಾದ ಉಪನ್ಯಾಸಕ:
ಕಡಲ ನೀರು ಈಗಲೇ ಬೇಡ. ಅದರಲ್ಲಿರುವ ಕ್ಲೋರೈಡ್ ನೀರಿಗಿಂತ ಮೊದಲೇ ಆಕ್ಸೀಕರಣಗೊಳ್ಳಬಹುದು. ಬಟ್ಟಿ ಇಳಿಸಿದ ನೀರಿನಿಂದ ಆರಂಭಿಸಿ.

ಶಿರಸಿಯ ಅಕ್ಕ:
ತಂಗಿ, ನಿನ್ನ ಕೈಯ ತಪ್ಪಲ್ಲ. ಎಂಒಎಫ್-5ರಲ್ಲಿ ಸತು ಮತ್ತು ಆಮ್ಲಜನಕದ ಬಂಧವನ್ನು ಗಾಳಿಯ ತೇವವೇ ಬಿಡಿಸಿಬಿಡುತ್ತದೆ. ಡಬ್ಬಿಯೊಳಗಿನ ಹಲಸಿನ ಹಪ್ಪಳವೇ ಮೆತ್ತಗಾಗುವ ಆಷಾಢ ಇದು! ನೀರಿನಲ್ಲೇ ಮುಳುಗಿ ದುಡಿಯಬೇಕಾದ ವಸ್ತುವಿಗೆ ಈ ಗಾಳಿಯನ್ನಾದರೂ ತಡೆಯುವ ಶಕ್ತಿ ಬೇಕು. ಓಸ್ಲೋದಲ್ಲಿ ರೂಪುಗೊಂಡು 2008ರಲ್ಲಿ ಪ್ರಕಟವಾದ ಯುಐಒ-66 ಎಂಬ ಇನ್ನೊಂದು ಎಂಒಎಫ್‌ನಲ್ಲಿ ಜಿರ್ಕೋನಿಯಂ ಬಂಧ ಗಟ್ಟಿ. ಆದರೆ ಅದು ಬಿಳಿ ಪುಡಿ, ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದಿಲ್ಲ. ಕೊಂಡಿಯಾಗಿರುವ ಆಮ್ಲಕ್ಕೆ ಅಮಿನೋ ಗುಂಪು ಸೇರಿಸಿದರೆ ಪುಡಿ ಹಳದಿಯಾಗುತ್ತದೆ, ನೀಲಿ ಬೆಳಕೂ ದಕ್ಕುತ್ತದೆ.

ನಾನು ನೆಚ್ಚಿಕೊಂಡಿರುವುದು ಟೈಟಾನಿಯಂನ ಎಂಒಎಫ್ ಆದ ಅಮಿನೋ ಎಂಐಎಲ್-125 ಅನ್ನು. ಸಾರಜನಕ ತುಂಬಿದ ಸೀಸೆಯಲ್ಲಿ ಎಲೆಕ್ಟ್ರಾನ್ ಕೊಡುವ ಟ್ರೈಎಥನೋಲಮೀನ್ ಜೊತೆಗಿಟ್ಟು ಬೆಳಕು ಬಿಟ್ಟರೆ ಹಳದಿ ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ಟೈಟಾನಿಯಂ ಎಲೆಕ್ಟ್ರಾನ್ ಪಡೆದದ್ದರ ಗುರುತು ಅದು. ಮುಚ್ಚಳ ತೆಗೆದು ಗಾಳಿ ತಾಗಿಸಿದರೆ ಮತ್ತೆ ಹಳದಿ. ಮೊದಲ ಸಲ ನೋಡಿದ ದಿನ ನಾನು ಊಟಕ್ಕೂ ಏಳಲಿಲ್ಲ.

ಒಂದನ್ನು ಮಾತ್ರ ಖಂಡಿತ ಮಾಡು: ಕತ್ತಲಲ್ಲೊಮ್ಮೆ, ಪುಡಿ ಹಾಕದೆಯೂ ಒಮ್ಮೆ ಪ್ರಯೋಗ ನಡೆಸು. ಕೆಲಸ ಮುಗಿದ ಮೇಲೆ ಪುಡಿಯನ್ನು ಸೋಸಿ ಎಕ್ಸ್‌ಆರ್‌ಡಿ ತೆಗೆಸು. ಟ್ರೈಎಥನೋಲಮೀನ್ ಹಾಕಿದರೆ ಎಲೆಕ್ಟ್ರಾನ್ ಕೊಡುವುದು ಅದೇ, ನೀರಲ್ಲ. ಆಮ್ಲಜನಕ ಬರುವುದಿಲ್ಲ. ಆ ಹೈಡ್ರೋಜನ್ ಅನ್ನು ನೀರಿನ ಪೂರ್ಣ ವಿಭಜನೆ ಎಂದು ಬರೆಯಬೇಡ.

ಬೈತಖೋಲದ ವಿದ್ಯಾರ್ಥಿನಿ:
ಅಕ್ಕಾ, ನನ್ನ ಯೋಜನೆಯಲ್ಲಿ ಟ್ರೈಎಥನೋಲಮೀನ್ ಇದೆ, ಶೀರ್ಷಿಕೆಯಲ್ಲಿ "ನೀರಿನ ವಿಭಜನೆ" ಎಂದೂ ಇದೆ. ಇವತ್ತೇ ತಿದ್ದುತ್ತೇನೆ. ಎಂಐಎಲ್-125 ತಯಾರಿಸಲು ಬೇಕಾದ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಕೂಡ ತೇವಕ್ಕೆ ಹಾಳಾಗುತ್ತದಲ್ಲ, ಈ ಮಳೆಯಲ್ಲಿ ಅದನ್ನು ಅಳೆಯುವುದು ಹೇಗೆ?

ಶಿರಸಿಯ ಅಕ್ಕ:
ಸಿರಿಂಜ್‌ನಿಂದ ತೆಗೆ, ಸಾರಜನಕ ಹಾಯಿಸುತ್ತಾ. ಸೂಜಿಯ ತುದಿಯಲ್ಲಿ ಬಿಳಿ ಕಂಡರೆ ತೇವ ತಾಗಿದೆ ಎಂದರ್ಥ, ಆ ಸಿರಿಂಜ್ ಬಿಟ್ಟು ಬೇರೆಯದನ್ನು ತೆಗೆದುಕೋ.