ಓದುಗರ ಸ್ಪಂದನ: ರಜೆಯಲ್ಲಿ ಮಗ ಒಬ್ನೇ ಮನೇಲಿ

ಹೋದ ವಾರ ಬೆಂಗಳೂರಿನ ಪೀಣ್ಯ ಕಡೆಯ ತಾಯಿಯೊಬ್ರು ಬರೆದಿದ್ರು. ಅವರಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಗಂಡ ಬಸ್ ಡ್ರೈವರ್. 13 ವರ್ಷದ ಮಗನಿಗೆ ಏಪ್ರಿಲ್ 11ರಿಂದ ಮೇ 28ರ ತನಕ ರಜ. ಬೆಳಗ್ಗೆಯಿಂದ ಸಂಜೆವರೆಗೂ ಬಾಡಿಗೆ ಮನೇಲಿ ಅವನು, ಅವನ ಮೊಬೈಲು. ಊರಿಗೆ ಅಜ್ಜಿ ಹತ್ರ ಹೋಗು ಅಂದ್ರೆ ಹೋಗಲ್ಲ ಅಂತಾನೆ. ಹಂಗೇ ಒಬ್ಬನ್ನೇ ಬಿಡ್ಬೋದಾ, ಅನ್ನೋದು ಪ್ರಶ್ನೆ.

ಮೊದಲು ಬಂದ ಉತ್ತರ ಇದು.

"ಹೆತ್ತ ಮೇಲೆ ನೋಡ್ಕೋಬೇಕು. ಕೆಲಸ ಬಿಡಿ."
– ತುಮಕೂರು

ತಂದೆಯೂ ಕೆಲಸಕ್ಕೆ ಹೋಗ್ತಾರೆ ಅಂತ ಪತ್ರದಲ್ಲಿತ್ತು.

"ನಾನು ಟ್ರಾಫಿಕ್ ಪೊಲೀಸ್ ಆಗಿ ರಿಟೈರ್ ಆದೋನು. ಮೊಬೈಲ್ ಆಮೇಲೆ ನೋಡೋಣ, ಮೊದಲು ಸ್ಕೂಟರ್ ಕೀ ಎಲ್ಲಿಟ್ಟಿದೀರಿ ಅದು ಹೇಳಿ. ರಜದಲ್ಲಿ ಮೂರ್ ಮೂರು ಜನ ಹುಡುಗ್ರು ಗಾಡಿ ಮೇಲೆ ಕೂತ್ಕೊಂಡು ಗಲ್ಲಿ ಸುತ್ತೋದು ಎಷ್ಟು ನೋಡಿದೀನೋ. 2019ರ ತಿದ್ದುಪಡಿ ಆದ್ಮೇಲೆ 18 ತುಂಬದ ಮಕ್ಕಳು ಗಾಡಿ ಓಡ್ಸಿ ಸಿಕ್ಕಿಬಿದ್ರೆ ಅಪ್ಪ ಅಮ್ಮಂಗೋ ಗಾಡಿ ಓನರ್‌ಗೋ 25,000 ದಂಡ, 3 ವರ್ಷದವರೆಗೆ ಜೈಲು, ಗಾಡಿ ರಿಜಿಸ್ಟ್ರೇಷನ್ ಒಂದು ವರ್ಷ ಕ್ಯಾನ್ಸಲ್, ಆ ಹುಡುಗನಿಗೆ 25 ಆಗೋವರೆಗೂ ಡಿಎಲ್ ಇಲ್ಲ. ಆಮೇಲೆ ಕೆರೆ, ಕಲ್ಲುಕ್ವಾರಿ ಹೊಂಡ. ಈಜು ಬರೋರೂ ಮುಳುಗ್ತಾರೆ ಅಲ್ಲಿ. ಇದನ್ನ ಹುಡುಗನಿಗೆ ಗಟ್ಟಿಯಾಗಿ ಹೇಳಿ."
– ಚಿಕ್ಕಬಳ್ಳಾಪುರ

"ನಮ್ಮದು ಗಾಡಿ ರಿಪೇರಿ ಅಂಗಡಿ ಐತ್ರಿ. ರಜಾ ಬಂತಂದ್ರ ಹುಡುಗನ್ನ ಅಂಗಡಿಗೆ ಹಚ್ಚೋದ್ರಿ, ಸ್ಪ್ಯಾನರ್ ಹಿಡದಾಂವ ಮೊಬೈಲ್ ಮರೀತಾನ. ಅವರೂ ಯಾವ್ದರ ಗ್ಯಾರೇಜಿಗೆ ಹಚ್ಚಲಿ."
– ಹುಬ್ಬಳ್ಳಿ

ಸ್ವಂತ ಮನೆಯವರ ಕಸುಬಲ್ಲಿ, ಅಪಾಯ ಇಲ್ಲದ ಕೆಲಸಕ್ಕೆ, ರಜೆಯಲ್ಲಿ ಮಕ್ಕಳು ಕೈಜೋಡಿಸ್ಬೋದು. 14 ತುಂಬದ ಮಗೂನ ಬೇರೆಯವರ ಗ್ಯಾರೇಜಲ್ಲಿ ಕೆಲಸಕ್ಕೆ ಇಟ್ಕೊಂಡ್ರೆ ಅದು ಅಪರಾಧ.

ಮುಂದಿನ ಪತ್ರ ಉದ್ದ ಇದೆ. ಕತ್ತರಿಸಲಿಲ್ಲ.

"ಮೇಡಂ, ಊರಿಗೆ ಹೋಗಲ್ಲ ಅಂತಾನೆ ಅಂತ ಬರೆದಿದೀರಲ್ಲ, ಅದನ್ನ ಓದಿ ಮುಂದಕ್ಕೆ ಹೋಗಕ್ಕೇ ಆಗ್ಲಿಲ್ಲ. ನಾನೂ ಹಂಗೇ ಅಂತಿದ್ದೆ, ಯಾಕೆ ಅಂತ ಒಬ್ರೂ ಕೇಳ್ಲಿಲ್ಲ. ಅಪ್ಪ ತೀರ್ಕೊಂಡ್ಮೇಲೆ ಅಮ್ಮ ಬೀಡಿ ಕಟ್ತಿದ್ರು, ರಜ ಬಂತಂದ್ರೆ ನನ್ನ ಸೋದರತ್ತೆ ಮನೆಗೆ ಕಳಿಸೋರು, ಅಕ್ಕಪಕ್ಕದೋರೆಲ್ಲ ನಿಂಗೇನಮ್ಮ ತೋಟದ ಮನೆ, ಮಾವಿನಹಣ್ಣು ಅನ್ನೋರು, ಹಣ್ಣೇನೋ ಇತ್ತು, ಆದ್ರೆ ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚಿ ನೀರು ಹೊತ್ತು ಆಮೇಲೆ ಅತ್ತೆ ಮೊಮ್ಮಗೂನ ಕಂಕುಳಲ್ಲಿ ಎತ್ಕೊಂಡು ದಿನವಿಡೀ ತಿರುಗ್ಬೇಕಿತ್ತು, ಅತ್ತೆ ಚಿಕ್ಕ ಮಗಳು ನನ್ನ ವಾರಗೇನೇ, ಅವಳು ಮಾತ್ರ ಟೀವಿ ಮುಂದೆ. ಒಂದಿನ ಗಾಜಿನ ಲೋಟ ಜಾರಿ ಒಡೀತು, ಬಿಟ್ಟಿ ತಿಂದು ಕೊಬ್ಬು ಅಂದ್ರು ಮಾವ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಅಮ್ಮ ಕರ್ಕೊಂಡು ಹೋಗಕ್ಕೆ ಬರೋ ದಿನ ತಲೆಗೆ ಎಣ್ಣೆ ಹಾಕಿ ಹೊಸ ಲಂಗ ಉಡ್ಸಿ ಕೂರ್ಸೋರು, ಅಮ್ಮ ಅವರಿಗೆ ಕೈ ಮುಗಿಯೋಳು. ಆ ಮುಖ ನೋಡಿ ಏನಂತ ಹೇಳೋದು? ಅಮ್ಮಂಗೆ ಈಗ 71, ಇನ್ನೂ ಗೊತ್ತಿಲ್ಲ. ನಿಮ್ಮತ್ತೆ ಹಂಗೆ ಅಂತಲ್ಲ, ಅಲ್ಲಿ ನೆಟ್‌ವರ್ಕ್ ಸಿಗಲ್ಲ ಅಷ್ಟೇ ಅಂತಲೂ ಇರ್ಬೋದು. ಆದ್ರೂ ಬೈಯ್ದೆ ಕೇಳಿ, ತಕ್ಷಣ ಹೇಳ್ಲಿಲ್ಲ ಅಂದ್ರೆ ನಾಲ್ಕು ದಿನ ಬಿಟ್ಟು ಕೇಳಿ."
– ಹೆಸರು, ಊರು ಬೇಡ ಅಂದಿದಾರೆ

ಮಗು ಹೇಳೋದು ಮನೆಯಲ್ಲಿ ನಿಭಾಯಿಸೋಕಾಗದ ವಿಷಯ ಅಂತ ಅನ್ನಿಸಿದ್ರೆ ಮಕ್ಕಳ ಸಹಾಯವಾಣಿ 1098 ಇದೆ.

"ಎಲ್ಲರೂ ಸಮ್ಮರ್ ಕ್ಯಾಂಪ್ ಅಂತೀರ. ನಮ್ಮ ಏರಿಯಾದಲ್ಲಿ ಸಾವಿರಾರು ರೂಪಾಯಿ ಕಟ್ಟಿಸ್ಕೊಂಡು ಮಧ್ಯಾಹ್ನಕ್ಕೇ ಮನೆಗೆ ಕಳಿಸ್ತಾರೆ, ಪೇಪರ್ ಹೂವು ಮಾಡ್ಸ್ತಾರೆ, ಮೀಸೆ ಮೂಡ್ತಿರೋ ಹುಡುಗ ಪೇಪರ್ ಹೂವು ಮಾಡ್ತಾನಾ? ಪೀಣ್ಯದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಚೇಂಜ್ ಮಾಡಿದ್ರೆ ಕಬ್ಬನ್ ಪಾರ್ಕ್ ಸ್ಟೇಷನ್. ಅಲ್ಲಿ ಬಾಲಭವನ ಇದೆ, ಮಕ್ಕಳ ಲೈಬ್ರರಿ ಇದೆ. ಒಂದೆರಡು ಸಲ ಜೊತೇಲಿ ಹೋಗಿ ದಾರಿ ತೋರ್ಸಿ, ಆಮೇಲೆ ಫ್ರೆಂಡ್ ಜೊತೆ ಕಳಿಸಿ. ಊರಿಗೆ ಹೋಗೋ ಮನಸ್ಸು ಮಾಡಿದ್ರೆ ಗ್ರಾಮ ಪಂಚಾಯ್ತಿ ಲೈಬ್ರರಿ ಕೇಳಿ ನೋಡಿ, ಈಗ ಅರಿವು ಕೇಂದ್ರ ಅಂತಾರೆ, ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ, ಬೇಸಿಗೆ ಶಿಬಿರಾನೂ ಮಾಡ್ತಾರೆ."
– ರಾಜಾಜಿನಗರ

"ಆಂಟಿ, ನಾನೂ 8ನೇ ಕ್ಲಾಸ್ ಮುಗಿಸಿದೀನಿ, ನಾನೂ ಮನೇಲಿ ಒಬ್ನೇ. ಅನ್ನ ಇಡಕ್ಕೆ ಬರುತ್ತೆ, ಗ್ಯಾಸ್ ಆಫ್ ಮಾಡ್ತೀನಿ. ಬೆಳಗ್ಗೆ ಪರವಾಗಿಲ್ಲ, ಮಧ್ಯಾಹ್ನ ಊಟ ಆದ್ಮೇಲೆ ಸಂಜೆವರೆಗೂ ತುಂಬಾ ಬೋರು, ಬಿಸಿಲಿಗೆ ಯಾರೂ ಆಡಕ್ಕೆ ಬರಲ್ಲ, ಆಗ್ಲೇ ಮೊಬೈಲ್ ನೋಡೋದು. ಫೋನ್ ಮಾಡಿದಾಗೆಲ್ಲ ಮೊಬೈಲ್ ನೋಡ್ತಿದೀಯಾ ಅಂತ ಕೇಳ್ಬೇಡಿ, ಊಟ ಏನ್ ಮಾಡ್ದೆ ಅಂತ ಕೇಳಿ."
– ಮಂಡ್ಯ

ಎಲ್ಲಾ ಪತ್ರಗಳನ್ನೂ ಆ ತಾಯಿಗೆ ತಲುಪಿಸಿದೀವಿ, ಮಂಡ್ಯದ ಹುಡುಗನದ್ದು ಮೇಲಿಟ್ಟು. 'ಕೆಲಸ ಬಿಡಿ' ಅನ್ನೋವು ಇನ್ನೂ ಕೆಲವು ಬಂದಿದ್ವು, ಒಂದು ಹಾಕಿದ್ದೇ ಸಾಕು ಅನ್ನಿಸ್ತು.