ಅಪ್‌ಡೇಟ್: ಟಿಆರ್-505 ಸುಟ್ಟಿರಲಿಲ್ಲ

ನನ್ನ ಹಳೆಯ ರೋಲ್ಯಾಂಡ್ ಟಿಆರ್-505 ಡ್ರಮ್ ಮಷೀನಿನೊಳಗೆ ಹೊಸ ಬಗೆಯ ದನಿಗಳಿಗಾಗಿ ಎರಡು ಬಿಂದುಗಳನ್ನು ತಂತಿಯಿಂದ ಮುಟ್ಟಿಸಿದಾಗಲೆಲ್ಲ ಅದು ಸ್ತಬ್ಧವಾಗುತ್ತಿದೆ, ಚಿಪ್ ಸುಟ್ಟಿರಬಹುದೇ ಎಂದು ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಸುಟ್ಟಿರಲಿಲ್ಲ. ನನ್ನ ತಂತಿ ತಗಲುತ್ತಿದ್ದುದು ಪ್ರೊಸೆಸರಿಗೆ ಮಿಡಿತ ಕೊಡುವ ಕ್ರಿಸ್ಟಲಿನ ಕಾಲಿಗೆ. ಆ ಮಿಡಿತ ನಿಂತೊಡನೆ ಯಂತ್ರವೂ ನಿಲ್ಲುತ್ತಿತ್ತು, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತಿತ್ತು.

1986ರ ಈ ಯಂತ್ರದಲ್ಲಿ ಡ್ರಮ್ಮಿನ ದನಿಗಳು ಅಂಕಿಗಳ ರೂಪದಲ್ಲಿ ಅಳಿಸಿ ಬರೆಯಬಹುದಾದ ರಾಮ್ ಚಿಪ್ಪಿನಲ್ಲಲ್ಲ, ಅಳಿಸಲಾಗದ ರೋಮ್ ಚಿಪ್ಪಿನಲ್ಲಿವೆ. ಎಲ್ಲಿಂದ ಓದಬೇಕೆಂದು ಆ ಚಿಪ್ಪಿಗೆ ಹೇಳುವ ಎರಡು ವಿಳಾಸದ ಗೆರೆಗಳನ್ನು ಕೂಡಿಸಿದರೆ ಯಂತ್ರವು ತಪ್ಪು ಜಾಗದಿಂದ ಓದತೊಡಗುವುದರಿಂದ, ಸ್ನೇರ್ ಡ್ರಮ್ ಎಂದು ಆರಂಭವಾದ ಪೆಟ್ಟು ನಡುವೆಯೇ ಬೇರೊಂದು ವಾದ್ಯದ ತುಣುಕಾಗಿ ಒಡೆಯುತ್ತದೆ. ಓದಿದ ಅಂಕಿಗಳನ್ನು ಹೊರತರುವ ದತ್ತಾಂಶದ ಗೆರೆಗಳನ್ನು ಕೂಡಿಸಿದರೆ ದನಿಯೇ ಮರಳು ಅರೆದಂತೆ ಒರಟಾಗುತ್ತದೆ. ನನಗೆ ಇದೇ ಹೆಚ್ಚು ಹಿಡಿಸಿತು.

ನೀವು ಸೂಚಿಸಿದಂತೆ ಪ್ರತಿ ಜೋಡಣೆಯಲ್ಲೂ ವಿದ್ಯುತ್ ಹರಿವನ್ನು ತಗ್ಗಿಸುವ ಒಂದು ಕಿಲೊಓಮ್ ರೆಸಿಸ್ಟರ್ ಇಟ್ಟು, ವಿದ್ಯುತ್ ಬರುವ ಕಾಲುಗಳನ್ನು ಮುಟ್ಟದೆ, ಬ್ಯಾಟರಿಯಲ್ಲಷ್ಟೇ ಪರೀಕ್ಷಿಸಿದೆ. ಈ ಜೋಡಣೆಗಳನ್ನು ಬೇಕಾದಾಗ ಕೂಡಿಸುವ ಸ್ವಿಚ್ಚುಗಳು ಗಂಗಾವತಿಯ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಸಿಕ್ಕವು. ಅಲ್ಲಿನ ಕಾಕಾ, “ಚಲೋ ಇರೋ ಮಷೀನು ಯಾಕ ಕೆಡಸ್ತೀಯೋ ತಮ್ಮಾ?” ಎಂದು ಕೇಳಿದರೂ, ಬೆಸುಗೆಯನ್ನು ಅವರೇ ಹಾಕಿಕೊಟ್ಟರು, ಅದೂ ನನಗಿಂತ ಎಷ್ಟೋ ಅಚ್ಚುಕಟ್ಟಾಗಿ.

ಬಳ್ಳಾರಿಯ ನಮ್ಮ ಮನೆಯಲ್ಲಿ ಕೆಂಪು ಧೂಳು ಎಲ್ಲೆಡೆ ನುಗ್ಗುತ್ತದೆ. ಆದ್ದರಿಂದ ಗುಂಡಿಗಳ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆಯೇ ಮುಚ್ಚಳ ಹಾಕಿದೆ. ಸದ್ಯ ಎಂಟು ಸ್ವಿಚ್ಚುಗಳಲ್ಲಿ ಆರು ಕೆಲಸ ಮಾಡುತ್ತಿವೆ. ಉಳಿದೆರಡನ್ನು ಒತ್ತಿದರೆ ಯಾವ ಬದಲಾವಣೆಯೂ ಕೇಳುವುದಿಲ್ಲ, ಅವನ್ನು ಹಾಗೆಯೇ ಬಿಟ್ಟಿದ್ದೇನೆ.